ಷೂ ಕಪಾಟಿನ ಗಿರಾಕಿ

"ಅಳತೆ ತಗೊಳ್ದೆ ಕತ್ತರಿ ಹಾಕಿದ್ದು ಈ ಜನ್ಮದಲ್ಲಿಲ್ಲ. ಆನೆ ಬಂದು ಕೋಟು ಹೊಲಿ ಅಂದ್ರೂ ಸೊಂಡಿಲಿಗೆ ಬೇರೆ ತೋಳಿಟ್ಟು ಹೊಲಿದುಕೊಟ್ಟೇನು!"

ಇದು ದರ್ಜಿ ಟೇಪಣ್ಣನ ಬಡಾಯಿ. ಕೊರಳಲ್ಲಿ ಸದಾ ಟೇಪು ನೇತಾಡುತ್ತಿದ್ದುದರಿಂದ ಆ ಹೆಸರು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಎಷ್ಟು ಇಂಚು ಸರಿದೆನೆಂದು ನೋಡಿಕೊಳ್ಳುವ ಆಸಾಮಿ.

ಅವನ ಮನೆಯ ಷೂ ಕಪಾಟಿನಲ್ಲಿ ಮಾವ ಕೈಯಾರೆ ಜೋಡಿಸಿದ ಹಳೇ ಕಂಪ್ಯೂಟರೊಂದಿತ್ತು. ಮನೆಮಂದಿಯ ಫೋಟೊ, ಹಾಡುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಬೇಕಾದ ಕೋಣೆಗೆ ಕಳಿಸಿಕೊಡುವ ಸರ್ವರ್ ಅದು. ಫ್ಯಾನು ತಿರುಗಿದರೆ ಹಿಟ್ಟಿನ ಗಿರಣಿಯೆಂದು ನೆರೆಯವರು ಗೋಧಿ ಹೊತ್ತು ಬರುತ್ತಿದ್ದರು. ಮಾವ ತೀರಿಕೊಂಡರೂ ಅವರು ಮೊಮ್ಮಕ್ಕಳಿಗೆಂದು ಓದಿ ರೆಕಾರ್ಡು ಮಾಡಿದ್ದ ಕತೆಗಳು ಅದರಲ್ಲಿದ್ದವು. ಕಣ್ಣು ಮಂಜಾದ ಅತ್ತೆಗೆ ಊಟವಾದ ಮೇಲೆ ಗಂಡನ ದನಿ ಬೇಕು, ಅದೂ ಗಂಡನ ಪೆಟ್ಟಿಗೆಯಿಂದಲೇ ಬರಬೇಕು.

ಟೇಪಣ್ಣ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ್ದೇ ತಡ, ಮುದಿಜೀವ ಏದುಸಿರು ಬಿಡತೊಡಗಿತು. ಆನ್ ಮಾಡಿ ಗಡ್ಡ ಬೋಳಿಸಿಕೊಂಡರೆ, ಪರದೆ ಬೆಳಗುವ ಹೊತ್ತಿಗೆ ಮತ್ತೆ ಗಡ್ಡ ಬಂದಿರುತ್ತಿತ್ತು. ಕತೆ ನಡುವೆಯೇ ನಿಂತಿತು.

"ಅಳಿಯಂದ್ರೇ, ರಾಜಕುಮಾರನ್ನ ಮೊಸಳೆ ಹೊಟ್ಟೇಲಿ ಬಿಟ್ಟು ನಿಮ್ಮ ಮಾವ ಎಲ್ಲಿ ಹೋದ್ರು?" ಎಂದರು ಅತ್ತೆ.

ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಷಡ್ಡಕ ಬಾಗಿಲಲ್ಲೇ ತೀರ್ಪು ಕೊಟ್ಟ. "ಗುಜರಿಗೆ ಹಾಕಿ ಭಾವ. ಭಾನುವಾರ ಹೊಸದು ತರ್ತೀನಿ."

"ಭಾನುವಾರ ಇದು ಓಡದಿದ್ರೆ ನಾನೇ ಹೊತ್ತು ಹಾಕ್ತೀನಿ. ಓಡುತ್ತೆ!" ಎಂದ ಟೇಪಣ್ಣ.

"ಬರುವಾಗ ಗುಜರಿಯವನನ್ನೂ ಕರ್ಕೊಂಡು ಬಾಪ್ಪಾ," ಎಂದು ಟೇಪಣ್ಣನ ಹೆಂಡತಿ ಒಳಗಿಂದ ಕೂಗಿದಳು.

ಟೇಪಣ್ಣ ಹಳೇ ಪೆಟ್ಟಿಗೆಗೆ ಒಗ್ಗುವ ಹಗುರವಾದ ಲಿನಕ್ಸ್‌ಗಳನ್ನು ಬಟ್ಟೆಯ ಥಾನುಗಳಂತೆ ಒಂದೊಂದಾಗಿ ಬಿಚ್ಚಿ ನೋಡಿದ. ಪಪ್ಪಿ ಎಂಬುದು ಹಗುರವೇನೋ ಹೌದು, ಆದರೆ ಎದುರು ಕೂತು ಬಳಸುವವರಿಗೆ ಹೇಳಿ ಮಾಡಿಸಿದ್ದು. ಷೂ ಕಪಾಟಿನಲ್ಲಿ ಕೂತವನ ಮೈಮೇಲೆ ಕಸೂತಿ ಯಾಕೆ, ನೋಡುವವರು ಯಾರು? ಚಿತ್ರ, ಕಿಟಕಿ, ಅಲಂಕಾರ ಯಾವುದೂ ಬೇಡವೆಂದು ಆಲ್ಪೈನ್ ಎಂಬುದನ್ನು ಆರಿಸಿದ. ಬನಿಯನ್ನಿನಷ್ಟು ಹಗುರ. ಕಂಪ್ಯೂಟರಿನ ಮೆಮೊರಿ ಎಷ್ಟು, ಜಾಗ ಎಷ್ಟು ಎಂದು ನೋಡಿಕೊಂಡ. ಅಭ್ಯಾಸಬಲದಿಂದ ಪೆಟ್ಟಿಗೆಯ ಸುತ್ತಳತೆಯನ್ನೂ ತೆಗೆದ. ಕತೆಗಳಿದ್ದ ಡಿಸ್ಕನ್ನು ಬಿಚ್ಚಿ ಗುಂಡಿ ಡಬ್ಬಿಯಲ್ಲಿ ಭದ್ರವಾಗಿಟ್ಟ. ಆಲ್ಪೈನನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ. ಮೊದಲು ಅದರಿಂದಲೇ ಓಡಿಸಿ ನೋಡಬೇಕು: ಕಚ್ಚಾ ಹೊಲಿಗೆ, ಟ್ರಯಲ್ಲು, ಆಮೇಲೆ ಮಿಷನ್ನು. ಅದು ಅವನ ಕಸುಬಿನ ಧರ್ಮ.

ಭಾನುವಾರ ಎಲ್ಲರೆದುರು ಪೆನ್‌ಡ್ರೈವ್ ಚುಚ್ಚಿದ. ಕಪ್ಪು ಪರದೆಯ ಮೇಲೆ ಒಂದು ಸಾಲು ಮೂಡಿ ಅಲ್ಲೇ ನಿಂತಿತು. ಷಡ್ಡಕ ಬಗ್ಗಿ ಓದಿದವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಭಾವ, ಇದರ ಪ್ರೊಸೆಸರು ಮೂವತ್ತೆರಡು ಬಿಟ್‌ ಅಳತೇದು, ನೀವು ತಂದಿರೋ ಆಲ್ಪೈನು ಅರವತ್ನಾಲ್ಕರದ್ದು. ಮೂವತ್ತೆರಡರ ಸೊಂಟಕ್ಕೆ ಅರವತ್ನಾಲ್ಕರ ಪ್ಯಾಂಟು!"

ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡಳು. ಪೆಟ್ಟಿಗೆಯ ಮೈಯನ್ನೆಲ್ಲ ಅಳೆದ ಟೇಪಣ್ಣ ಸೊಂಟವೊಂದನ್ನೇ ಬಿಟ್ಟಿದ್ದ. ಅದೇ ಥಾನಿನಲ್ಲಿ ಮೂವತ್ತೆರಡರದ್ದೂ ಸಿಗುತ್ತಿತ್ತು. ಇಳಿಸಿಕೊಂಡ, ಮತ್ತೆ ಚುಚ್ಚಿದ. ಷಡ್ಡಕ ಕೈತೊಳೆದು ಊಟಕ್ಕೆ ಕೂರುವಷ್ಟರಲ್ಲಿ ಪೆಟ್ಟಿಗೆ ಎದ್ದು ಕೂತಿತ್ತು. ಡಿಸ್ಕು ಗುಂಡಿ ಡಬ್ಬಿಯಿಂದ ಸ್ವಸ್ಥಾನಕ್ಕೆ ಮರಳಿತು. ಆಗಲೇ ಊಟ ಮುಗಿಸಿದ್ದ ಅತ್ತೆಯ ಕೋಣೆಯಿಂದ ಮಾವನ ದನಿ ಬಂತು: "ಆಗ ಮೊಸಳೆಗೆ ಒಂದು ದೊಡ್ಡ ಆಕಳಿಕೆ ಬಂತು..."

"ಬಂದ್ರಾ?" ಎಂದರು ಅತ್ತೆ. "ಯಾರೂ ಗಲಾಟೆ ಮಾಡ್ಬೇಡಿ."

ಷಡ್ಡಕ ದನಿ ತಗ್ಗಿಸಿದ. "ಅಂತೂ ಎರಡು ಸಲ ಹೊಲಿದ್ರಿ ಭಾವ. ಅಳತೆ ತಗೊಳ್ದೆ ಕತ್ತರಿ ಹಾಕಲ್ಲ ಅಂತಿದ್ರಲ್ಲ, ಆ ಮಾತು ಏನಾಯ್ತು?"

ಟೇಪಣ್ಣ ಟೇಪನ್ನು ಕೊರಳಿಗೆ ಹಾಕಿಕೊಂಡು ಎಲೆಯ ಮುಂದೆ ಕೂತ.

"ನಾನು ಪ್ಯಾಂಟು ತಪ್ಪಾಗಿ ಹೊಲಿದೆ ಮಾರಾಯ, ಒಪ್ಕೋತೀನಿ. ಪ್ಯಾಂಟು ಸರಿಹೋಗ್ಲಿಲ್ಲ ಅಂತ ಗಿರಾಕೀನೇ ಗುಜರಿಗೆ ಹಾಕೋಕೆ ಹೊರಟವನು ನೀನು!"