ನೆಲಮಾಳಿಗೆಯ ಕಾವಲು

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೊರಟ, ಪೆಟ್ರೋಲು ಸಿಗದ ಆ ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ನಮ್ಮ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಸುಮ್ಮನೆ ಕೂರಲಾರದೆ ರಸ್ತೆ ಪಕ್ಕದ ಪಾಳು ಕಟ್ಟಡದತ್ತ ನಡೆದೆ. ಅದು ಹಿಂದೆ ಕುಷ್ಠರೋಗಿಗಳ ಆಸ್ಪತ್ರೆ. ಅಡಿಯಲ್ಲಿರುವುದು ಪಾಳೆಯಗಾರರ ಕಾಲದ ನೆಲಮಾಳಿಗೆಗಳು.

ಮೆಟ್ಟಿಲಿನ ಬಾಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ನನ್ನನ್ನು ಕಂಡದ್ದೇ ಬೆರಳು ಸವೆದ ಎರಡೂ ಕೈಗಳನ್ನು ಮುಂದೆ ಚಾಚಿ ಕೂಗಿದಳು: "ಒಳಕ್ ಓಗ್ಬ್ಯಾಡಿ ಸಾ, ದೊಡ್‌ರೋಗ ಐತೆ!"

ಕೆಳಗಿನಿಂದ ಬಂದದ್ದು ರೋಗದ ವಾಸನೆಯಲ್ಲ, ಹೊಸ ರಾಗಿಯ ವಾಸನೆ. ಸರ್ಕಾರಕ್ಕೆ ಕಡ್ಡಾಯವಾಗಿ ಧಾನ್ಯ ಒಪ್ಪಿಸಬೇಕಾದ ಯುದ್ಧದ ಲೆವಿಗೆಂದು, ಕಾಳು ಹೂತಿಡುವ ಮನೆಮನೆಯ ಹಗೇವು ತೆಗೆಸಿ ನೋಡುವ ಅಧಿಕಾರಿಗಳು ಈ ಮೆಟ್ಟಿಲನ್ನು ಮಾತ್ರ ಇಳಿಯುವುದಿಲ್ಲ. ಊರವರು ಅದನ್ನು ಚೆನ್ನಾಗಿ ಅರಿತಿದ್ದಾರೆ.

ನಾನು ಅಧಿಕಾರಿಯಲ್ಲ, ಕೆಟ್ಟು ನಿಂತ ಬಸ್ಸಿನ ಪ್ರಯಾಣಿಕ ಎಂದು ಹೇಳಿದ ಮೇಲೆ ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಆಸ್ಪತ್ರೆ ಮುಚ್ಚಿದೆಯಲ್ಲ ಅಜ್ಜಿ, ನೀನೇಕೆ ಇಲ್ಲಿ?" ಎಂದೆ.

ಸೊಂಟದಿಂದ ಒಂದು ಚೀಟಿ ತೆಗೆದು ಕೊಟ್ಟಳು. ರೋಗ ವಾಸಿಯಾಗಿದೆ, ಮನೆಗೆ ಹೋಗಬಹುದು ಎಂದು ಡಾಕ್ಟರು ಬರೆದಿದ್ದರು. ಮಡಿಕೆಗಳಲ್ಲಿ ಕಾಗದ ಹರಿದಿತ್ತು.

"ಓಗಿದ್ದೆ ಸಾ. ಮಗನೇ ವಾಪಸ್ ತಂದು ಕೂರ್ಸ್‌ಬುಟ್ಟ. ಇಲ್ಲಿದ್ರೆ ದಿನಾ ಮುದ್ದೆ ತಂದ್ ಮಡಗ್ತಾನೆ. ವಾಸಿ ಆಗೈತೆ ಅಂತ ಬಸ್ಸಲ್ಲಿ ಯಾರ್ಗೂ ಏಳ್ಬ್ಯಾಡಿ."

ಚೀಟಿಯನ್ನು ಹಿಂದಕ್ಕೆ ಕೊಟ್ಟೆ. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಯಾವುದೋ ಕಾರಿನ ಸದ್ದು ಕೇಳಿಸಿತು. ಅವಳು ಸೆರಗು ಸರಿಸಿ, ಎರಡೂ ಕೈಗಳನ್ನು ಹೊರಗೆ ತೆಗೆದು, ದೂರಕ್ಕೂ ಕಾಣುವಂತೆ ಮೊಣಕಾಲ ಮೇಲೆ ಇಟ್ಟುಕೊಂಡಳು.