ಬದನಿಕೆ ಹಕ್ಕಿ ಇಲ್ಲದ ಚೌಕಗಳು

ಭಾನುವಾರ ಮುಂಜಾನೆ ಮರಳೂರಿನ ಮನೆಯಿಂದ ಸ್ಕೂಟರ್ ಹೊರಟರೆ ಗುಬ್ಬಿ ದಾಟುವ ತನಕ ನನಗೆ ಪೂರ್ತಿ ಎಚ್ಚರವೇ ಆಗುತ್ತಿರಲಿಲ್ಲ. ಹಿಂದೆ ಕೂತ ಹೆಂಡತಿ ನನ್ನ ಬೆನ್ನಿಗೊರಗಿ ಉಳಿದ ನಿದ್ದೆ ಮುಗಿಸುತ್ತಿದ್ದಳು. ಎರಡೂ ಬದಿಯ ತೆಂಗಿನ ತೋಟಗಳು ಬುಡವಿಲ್ಲದೆ ಮಂಜಿನ ಮೇಲೆ ನಿಂತಿರುತ್ತಿದ್ದವು.

ಹಕ್ಕಿ ನೋಡುವ ನಾವೊಂದಿಷ್ಟು ಗೆಳೆಯರು ಈ ಸೀಮೆಯ ನಕ್ಷೆಯನ್ನು ಚೌಕ ಚೌಕವಾಗಿ ಹಂಚಿಕೊಂಡಿದ್ದೆವು. ಪ್ರತಿ ಚೌಕದಲ್ಲೂ ಸ್ವಲ್ಪ ಹೊತ್ತು ನಿಂತು, ಕಂಡ ಹಕ್ಕಿ, ಕೇಳಿಸಿದ ಹಕ್ಕಿ ಎರಡನ್ನೂ ಮೊಬೈಲಿನಲ್ಲಿ ದಾಖಲಿಸಬೇಕು. ಕುಣಿಗಲ್ ಕಡೆಯವನ್ನು ಬೇರೆಯವರು ನೋಡಿಕೊಂಡರು. ಗುಬ್ಬಿಯ ಉತ್ತರದ ಚೌಕಗಳನ್ನು ನಾನು ಕೇಳಿ ಪಡೆದೆ, ಅಲ್ಲಿನ ಬದನಿಕೆ ಹಕ್ಕಿಯ ಆಸೆಗೆ. ಹೆಬ್ಬೆರಳಿನಷ್ಟು ಜೀವ ಅದು, ಮಣ್ಣಿನ ಬಣ್ಣ. ಮಾವಿನ ಕೊಂಬೆಗೆ ಹತ್ತಿಕೊಂಡ ಬದನಿಕೆ ಗಿಡದ ಹಣ್ಣು ತಿಂದು ಬದುಕುತ್ತದೆ. ಎಲೆಗಳ ನಡುವೆ ಕಣ್ಣಿಗೆ ಬೀಳುವುದು ಕಷ್ಟ, ಚೂಪಾದ ದನಿಯಿಂದಲೇ ಪತ್ತೆ ಹಚ್ಚಬೇಕು. ಚಿಕ್ಕವನಿದ್ದಾಗ ಅಜ್ಜಿಯ ತೋಟದಲ್ಲಿ ಆ ದನಿ ಕೇಳುತ್ತಲೇ ಮಧ್ಯಾಹ್ನ ನಿದ್ದೆ ಹೋಗುತ್ತಿದ್ದೆ.

ಈ ಸಲ ಅದು ಎಲ್ಲೂ ಸಿಗಲಿಲ್ಲ. ಒಂದೊಂದೇ ಚೌಕ ಖಾಲಿ ಉಳಿಯಿತು. ಕುಣಿಗಲ್ಲಿನವರಿಗೆ ಬೇಕಾದಷ್ಟು ಸಿಕ್ಕಿತ್ತು, ನನಗೆ ಹೊಟ್ಟೆ ಉರಿಯಿತು. ನಾನು ಮೊದಲೇ ಮುಂಗೋಪಿ. ತೋಟಕ್ಕೆ ಔಷಧಿ ಹೊಡೆಯುವವರನ್ನು ಬೈದೆ, ರಸ್ತೆಗಾಗಿ ಮರ ಕಡಿದವರನ್ನು ಬೈದೆ. ಉತ್ತರದಲ್ಲಿ ಬದನಿಕೆ ಹಕ್ಕಿಯ ಕಥೆ ಮುಗಿಯಿತು ಎಂದು ಗೆಳೆಯರಿಗೆ ಉದ್ದನೆಯ ಮೆಸೇಜ್ ಬರೆದಿಟ್ಟುಕೊಂಡೆ. ಕೊನೆಯ ಚೌಕ ನೋಡಿ ಕಳಿಸುವುದೊಂದೇ ಬಾಕಿ.

ನಾನು ಹಕ್ಕಿ ನೋಡುವಾಗ ಹತ್ತಿರ ಬಂದು ಮಾತಾಡಕೂಡದೆಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದೆ. ಅವಳು ದೂರದಲ್ಲಿ ತೋಟದವರ ಜೊತೆ ಹರಟುತ್ತಿದ್ದಳು. ಕೊನೆಯ ಚೌಕಕ್ಕೆ ಹೋದ ದಿನ ಹರಟೆಗೆ ಯಾರೂ ಸಿಗಲಿಲ್ಲ. ಉಪ್ಪಿಟ್ಟಿನ ಡಬ್ಬಿ ಹಿಡಿದು ರಾಗಿ ಹೊಲದಂಚಿನ ಮಾವಿನ ಮರದಡಿಗೆ, ನನ್ನ ಪಕ್ಕಕ್ಕೇ ಬಂದಳು.

"ಯಾವ್ದ್ರೀ ಅದು, ತಲೆ ಮೇಲೇ ಚಿಕ್ ಚಿಕ್ ಅಂತಿರೋದು?"

"ಏನೂ ಇಲ್ಲ, ಸುಮ್ನಿರೇ."

"ಆಗ್ಲಿಂದ ಕೂಗ್ತಾನೇ ಐತಲ್ರೀ! ಹೋದ ಕಡೆಯೆಲ್ಲಾ ಕೂಗುತ್ತೆ ಇದು."

ಅವಳು ಬೆರಳು ತೋರಿಸಿದತ್ತ ದುರ್ಬೀನು ಎತ್ತಿದೆ. ಬದನಿಕೆ ಹಕ್ಕಿ ಕೂತಿತ್ತು. ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಕನಸಿನಲ್ಲಿ ಯಾರೋ ಮಾತಾಡಿದ ಹಾಗೆ, ಸದ್ದೇ ಇಲ್ಲ. ಕೆಂಬೂತದ ಗುಟುರು ಕೇಳಿಸುತ್ತಿತ್ತು, ದೂರದ ಪಂಪ್‌ಸೆಟ್ ಕೇಳಿಸುತ್ತಿತ್ತು. ಈ ಪುಟ್ಟ ಕೊಕ್ಕಿನಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಅಬ್ಬರಿಸುವ ಪ್ರೆಸ್ ಮಷೀನಿನ ಪಕ್ಕ ನಿಂತೇ ನನ್ನ ವಯಸ್ಸು ಕಳೆದಿದ್ದು; ಅಂಥ ಕಿವಿಗೆ ಮೊದಲು ತಪ್ಪುವುದು ಚೂಪು ದನಿಯೇ. ಹಕ್ಕಿ ಎಲ್ಲಿಗೂ ಹೋಗಿರಲಿಲ್ಲ, ಹೋದದ್ದು ನನ್ನ ಕಿವಿ.

"ನಂಗೆ ಕೇಳಿಸ್ತಿಲ್ಲ ಕಣೇ," ಎಂದೆ.

ಬೇರೆ ದಿನವಾಗಿದ್ದರೆ ಅರವತ್ತಕ್ಕೆ ಅರಳು ಮರಳು ಎಂದು ಆಡಿಕೊಳ್ಳುತ್ತಿದ್ದಳು. ಅವತ್ತು ಡಬ್ಬಿ ಕೆಳಗಿಟ್ಟು ನನ್ನ ಮುಖ ನೋಡಿದಳು. "ನಂಗೆ ಕೇಳಿಸುತ್ತಲ್ಲ, ಬುಡಿ," ಎಂದಳು.

ಮೆಸೇಜ್ ಅಳಿಸಿದೆ. ಖಾಲಿ ಬಿಟ್ಟ ಚೌಕಗಳಿಗೆಲ್ಲ ಮತ್ತೆ ಹೋದೆವು. ಈಗ ಮರದಡಿ ನಿಲ್ಲುವವಳು ಅವಳು. ಕಣ್ಣು ಮುಚ್ಚಿ ಕಿವಿಗೊಡುತ್ತಾಳೆ, ಕೇಳಿಸಿದ ಕಡೆಗೆ ಬೆರಳೆತ್ತುತ್ತಾಳೆ, ನಾನು ಉಸಿರಾಡದೆ ಕಾಯುತ್ತೇನೆ. ಉತ್ತರದ ಚೌಕಗಳು ಮೆಲ್ಲಗೆ ತುಂಬಿದವು. ಗೆಳೆಯರು ಭೇಷ್ ಎಂದರು. ಹಕ್ಕಿ ಎಲ್ಲ ಕಡೆ ಕೂಗುತ್ತಿದೆ ಎಂದು ಖುಷಿಯಾಯಿತು, ನನಗಿನ್ನು ಕೇಳಿಸುವುದಿಲ್ಲವೆಂದು ಸಂಕಟವೂ ಆಯಿತು.

ಒಂದು ಬೆಳಗ್ಗೆ ತಡೆಯಲಾರದೆ, ಅದು ಹೆಂಗೆ ಕೂಗುತ್ತೆ ಒಂಚೂರು ಕೂಗಿ ತೋರಿಸು ಎಂದೆ. ಯಾರಾದರೂ ನೋಡಿಯಾರೆಂದು ಅವಳು ಅತ್ತಿತ್ತ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು "ಚಿಕ್, ಚಿಕ್" ಅಂದಳು. ದಪ್ಪ ದನಿ, ಹಕ್ಕಿಯದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

"ಇನ್ನೊಂದ್ಸಲ," ಎಂದೆ.