ವರನ ಕಡೆಯಿಂದ ಒಂದು ಡ್ಯಾಕ್ಟಿಲ್

ನನ್ನ ತಮ್ಮನ ಮಗಳು ರೇಣುಕಾಳ ಮದುವೆ ಇನ್ನೇನು ಗಟ್ಟಿಯಾಯಿತು ಎನ್ನುವಾಗ ಒಂದು ಕವಿತೆ ಅಡ್ಡ ಬಂತು.

ವರ ಮಂಜುನಾಥ ದುಂಡಸಿಯವನು. ಶಿಗ್ಗಾಂವಿಯಲ್ಲಿ ಗೊಬ್ಬರದ ಅಂಗಡಿ. ಹೊಲ, ಮನೆ, ಚಟ ಎಲ್ಲವನ್ನೂ ವಿಚಾರಿಸಿ ಆಗಿತ್ತು. (ಚಟವಿಲ್ಲ ಎನ್ನುವುದಕ್ಕೆ ಅಂಗಡಿಯ ಎದುರಿನ ಚಹಾದವನೇ ಸಾಕ್ಷಿ.) ಅಷ್ಟರಲ್ಲಿ ತಮ್ಮ ಚನ್ನಬಸು ಮಗಳ ಮೊಬೈಲಿನಲ್ಲಿದ್ದದ್ದನ್ನು ಫೋಟೊ ಹೊಡೆದುಕೊಂಡು ಹಾನಗಲ್ಲಿನ ನನ್ನ ಮನೆಗೆ ಬಂದ.

"ಅಣ್ಣಾ, ಹುಡುಗ ಇದನ್ನ ಕಳಿಸ್ಯಾನ. ಗೊಬ್ಬರ ಮಾರಾವ ಇಂಥಾದ್ದ ಬರೀತಾನೇನು? ಎಲ್ಲಿಂದರ ಕದ್ದಿರಬೇಕು. ಇದರಾಗ ಸುಳ್ಳ ಹೇಳಾವ ನಾಳೆ ಯಾತರಾಗ ಹೇಳಂಗಿಲ್ಲ?"

(ಮಗಳ ಮೊಬೈಲು ಕದ್ದು ನೋಡಿದವನಿಗೆ ಕಳ್ಳತನದ ಮೇಲೆ ಎಷ್ಟು ಸಿಟ್ಟು ನೋಡಿ.)

ನಾನು ರಿಟೈರ್ಡ್ ಕನ್ನಡ ಮಾಸ್ತರ. ಓದಿದೆ.

ದುಂಡಸಿ ಊರಿಗೆ ದಾರಿಯು ಉದ್ದವೆ,
ಅಲ್ಲಿಯ ಬಾಗಿಲು ನನ್ನನು ಬಲ್ಲುದೆ?

ಪ್ರಸ್ತಾರ ಹಾಕಿದೆ. ಒಂದು ಗುರು, ಎರಡು ಲಘು. ಮತ್ತೆ ಒಂದು ಗುರು, ಎರಡು ಲಘು. ಕೊನೆಯವರೆಗೂ ಭಗಣ, ಎಲ್ಲಿಯೂ ತಪ್ಪಿಲ್ಲ. ಇಷ್ಟು ನೆಟ್ಟಗಿದೆ ಎಂದಾಗಲೇ ನನಗೂ ಅನುಮಾನ ಶುರುವಾಯಿತು.

ಕೆಳಗೆ ಇನ್ನೊಂದು ಮೆಸೇಜು. ಈ ಗಣಕ್ಕೆ ಇಂಗ್ಲಿಷಿನಲ್ಲಿ ಡ್ಯಾಕ್ಟಿಲ್, ಫ್ರೆಂಚಿನಲ್ಲಿ ದಕ್ತೀಲ್, ಜರ್ಮನ್ನಿನಲ್ಲಿ ಡಾಕ್ಟಿಲುಸ್, ಇಟಲಿಯವರಿಗೆ ದಾತ್ತಿಲೊ, ಸ್ಪೇನಿನವರಿಗೆ ದಾಕ್ತಿಲೊ ಅಂತೆ. ನಂಬುವುದು ಹೇಗೆ? ನೂರಾರು ವರ್ಷ ಬಡಿದಾಡಿಕೊಂಡ ದೇಶಗಳು ಒಂದು ಹೆಸರಿಗೆ ಒಪ್ಪಿದವೇ? ನಮ್ಮಲ್ಲಿ ಶಿಗ್ಗಾಂವ, ಶಿಗ್ಗಾಂವಿ, ಶಿಗ್ಗಾವಿ ಎಂದು ಬೋರ್ಡಿಗೊಂದು ಹೆಸರಿದೆ.

ಮರುವಾರ ಹುಡುಗ ತಾಯಿಯೊಂದಿಗೆ ತಮ್ಮನ ಮನೆಗೆ ಮಾತುಕತೆಗೆ ಬಂದ. ಮಿರ್ಚಿ ಭಜಿಯ ಪ್ಲೇಟು ಖಾಲಿಯಾಗುವ ಮೊದಲೇ ನಾನು ವಿಚಾರಣೆ ಶುರು ಮಾಡಿದೆ. ಡ್ಯಾಕ್ಟಿಲ್ ಎಂದರೇನಪ್ಪ?

"ಬಿ.ಎ.ದಾಗ ಇಂಗ್ಲಿಷ್ ತಗೊಂಡಿದ್ನಿರಿ ಸರ. ಗ್ರೀಕ್ ಮಂದಿ ಬೆರಳಿಗೆ ಹಂಗ ಅಂತಿದ್ರಂತ. ಉಳಿದವರೆಲ್ಲಾ ಅಲ್ಲಿಂದನ ತಗೊಂಡಾರ. ಬೆರಳ ನೋಡ್ರಿ, ಒಂದ ಗೆಣ್ಣು ಉದ್ದ, ಎರಡ ಗಿಡ್ಡ."

ನನ್ನ ಬೆರಳು ನೋಡಿಕೊಂಡೆ. ಹೌದು. ಅನುಮಾನ ಇನ್ನೂ ಏರಿತು. ಕೇಳಿದ್ದಕ್ಕೆಲ್ಲ ಉತ್ತರ ರೆಡಿ ಇದ್ದವನು ಪಾಠ ಮಾಡಿಕೊಂಡೇ ಬಂದಿರಬೇಕಲ್ಲ?

"ಹಂಗಾರ ಇನ್ನೊಂದ ಸಾಲ ಇಲ್ಲೇ ಕಟ್ಟು, ನೋಡೂಣು" ಎಂದೆ.

ಹುಡುಗನ ಮುಖ ಸಣ್ಣದಾಯಿತು. "ನನಗ ಬರಂಗಿಲ್ರಿ ಸರ."

ಚನ್ನಬಸು ನನ್ನನ್ನು ಮೊಣಕೈಯಿಂದ ತಿವಿದ. ಸಿಕ್ಕಿಬಿದ್ದ ಎಂದು ಅರ್ಥ. ಹುಡುಗನ ತಾಯಿ ಚಹಾದ ಕಪ್ಪನ್ನು ಕೆಳಗಿಟ್ಟರು. ಸಂಬಂಧ ಅಲ್ಲಿಗೆ ಮುರಿಯುವುದರಲ್ಲಿತ್ತು.

ಒಳಗಿನ ಬಾಗಿಲಲ್ಲಿ ನಿಂತಿದ್ದ ರೇಣುಕಾ ಹೊರಗೆ ಬಂದಳು. "ದೊಡ್ಡಪ್ಪ, ಅವರ್ನ ಯಾಕ ಕೇಳ್ತೀರಿ? ಬರದಾಕಿ ನಾನು. ಅವರು ಓದಿ ಹೆಸರ ಹೇಳಿದ್ರು, ಅಷ್ಟ. ತಮ್ಮ ಮನಿ ಬಾಗಿಲಾ ತಮ್ಮನ್ನ ಬಲ್ಲೂದೋ ಇಲ್ಲೋ ಅಂತ ಅವರ ಯಾಕ ಕೇಳ್ತಾರ?"

ನನಗೆ ನಾಚಿಕೆಯಾಯಿತು. ಕವಿತೆ ಮೊಬೈಲಿನ ಯಾವ ಬದಿಗಿದೆ, ಬಂದದ್ದೋ ಕಳಿಸಿದ್ದೋ ಎಂದು ನಾವಿಬ್ಬರೂ ನೋಡಿರಲಿಲ್ಲ, ಅದು ಹೋಗಲಿ. ಎರಡು ಸಾಲಿನ ಗುರು ಲಘುಗಳನ್ನೆಲ್ಲ ಗುರುತಿಸಿದ ನಾನು ಅದರೊಳಗಿನ ಹೆದರಿಕೆ ಯಾರದೆಂದು ಕೇಳಿಸಿಕೊಳ್ಳಲಿಲ್ಲ. ಗೊಬ್ಬರದ ಅಂಗಡಿಯವನು ಕವಿತೆ ಬರೆದಾನೇ ಎಂದು ಅಷ್ಟು ತಲೆ ಕೆಡಿಸಿಕೊಂಡೆವು. ನಮ್ಮ ಮನೆಯ ಹುಡುಗಿ ಬರೆದಿರಬಹುದು ಎಂಬ ಅನುಮಾನ ಮಾತ್ರ ಇಬ್ಬರಿಗೂ ಬರಲಿಲ್ಲ.

ಮದುವೆ ಗೊತ್ತಾಗಿದೆ. ಹೊರಡುವಾಗ ಹುಡುಗನ ತಾಯಿ ರೇಣುಕಾಳನ್ನು ಒಂದು ನಮೂನೆ ನೋಡಿದರು. (ಮೆಚ್ಚುಗೆಯೋ, ಎಚ್ಚರಿಕೆಯೋ? ನನಗೆ ಆ ನೋಟದ ಮೇಲೂ ಅನುಮಾನ.)

ಹೊಲ, ಅಂಗಡಿ, ಚಟ, ಕೊನೆಗೆ ಬೆರಳಿನ ಗೆಣ್ಣನ್ನೂ ವಿಚಾರಿಸಿದೆವು. ಹುಡುಗಿ ಕೇಳಿದ ಆ ಬಾಗಿಲನ್ನು ಯಾರು ವಿಚಾರಿಸಿದರು?